ನಾನೂರ ಹನ್ನೆರಡು ಫ್ರೇಮು

ಪಟ್ಟಿಯನ್ನು ಅಂಟಿಸಿದ್ದು ನೀರಿನ ಫಿಲ್ಟರಿನ ಮೇಲಿನ ಗೋಡೆಗೆ, ಲೋಟ ತುಂಬುವ ತನಕ ಕಣ್ಣು ಬೇರೆಲ್ಲಿಗೂ ಹೋಗದ ಜಾಗದಲ್ಲಿ. ಅದರ ನೆತ್ತಿಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಪೂಜಿತಾ ರಿಪೋರ್ಟ್’ ಎಂದು ಬರೆದಿತ್ತು. ಪೂಜಿತಾ ತನ್ನ ಹೆಸರನ್ನು ಎರಡು ಸಲ ಓದಿದಳು. ಲೋಟ ತುಂಬಿ ನೀರು ಕೈಮೇಲೆ ಹರಿದು ಚಪ್ಪಲಿಗೆ ಇಳಿದ ಮೇಲೇ ಅವಳು ನಲ್ಲಿ ತಿರುಗಿಸಿದ್ದು.

ಹತ್ತೊಂಬತ್ತು ಹೆಸರು, ಪ್ರತಿ ಹೆಸರಿನ ಎದುರು ಒಂದು ಅಂಕಿ. ಮೇಲಿನ ಐವರದ್ದು ಹಸಿರು, ಕೆಳಗಿನ ಐವರದ್ದು ಕೆಂಪು. ಎಲ್ಲರಿಗಿಂತ ಕೆಳಗೆ ಚಂದ್ರಾಮ ಬಿರಾದಾರ, ನಾನೂರ ಹನ್ನೆರಡು.

“ಕಂಗ್ರಾಟ್ಸ್ ಮ್ಯಾಡಂ,” ಎಂದ ಹಿಂದೆ ಬಾಟಲಿ ಹಿಡಿದು ನಿಂತಿದ್ದ ಅಕ್ಷಿತ್. ಥಾಣೆ ಪಕ್ಕದ ಕಳವಾದಲ್ಲಿ ಹುಟ್ಟಿ ಬೆಳೆದ ಮಂಗಳೂರು ಕಡೆಯವನು. ಕನ್ನಡ ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಹೊರಗೆ ಬರುವಾಗ ಮಾತ್ರ ಅರ್ಧ ಹಿಂದಿಯಾಗಿ ಬರುತ್ತಿತ್ತು. “ಗೋಡೆ ಮೇಲೆ ನಾಮ್ ಆ ಗಯಾ ನಿನ್ದು. ನಾನು ಹನ್ನೊಂದನೇ ನಂಬರ್, ಬಚ್ ಗಯಾ. ಚಂದ್ರಾಮ ಕಾಕಾ ಗಯೇ.”

“ಎಲ್ಲಿಗೆ?”

“ಮನೆಗೆ. ಕೆಂಪಿನವರ ಕಾಂಟ್ರ್ಯಾಕ್ಟ್ ಮೂವತ್ತೊಂದಕ್ಕೆ ಖತಂ. ನಿಂಗೆ ಗೊತ್ತಿಲ್ವಾ? ನಿನ್ದೇ ರಿಪೋರ್ಟ್ ಅಲ್ವಾ?”

ಅದು ಎರಡು ಸಾವಿರದ ಹದಿಮೂರರ ಆಗಸ್ಟ್. ಸ್ಟುಡಿಯೋ ಇದ್ದದ್ದು ನವಿ ಮುಂಬಯಿಯ ರಬಾಲೆಯಲ್ಲಿ, ಹಿಂದೆ ಔಷಧಿಯ ರಟ್ಟಿನ ಡಬ್ಬಿ ತಯಾರಾಗುತ್ತಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ. ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಒಳಗೆ ಹತ್ತೊಂಬತ್ತು ಜನ, ಹತ್ತೊಂಬತ್ತು ಪರದೆ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಥಾಣೆಗೆ ಬಂದು, ಸೇತುವೆ ಹತ್ತಿಳಿದು, ವಾಶಿ ಕಡೆಯ ಗಾಡಿ ಹಿಡಿದು ಇಲ್ಲಿಗೆ ಬರಲು ಪೂಜಿತಾಳಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ನಾಲ್ಕು ವರ್ಷದಲ್ಲಿ ಒಂದು ದಿನವೂ ಆ ಒಂದೂವರೆ ಗಂಟೆ ಅವಳಿಗೆ ಭಾರವೆನಿಸಿರಲಿಲ್ಲ. ಈ ಸೋಮವಾರ ಮಾತ್ರ ಬಂದ ದಾರಿಯಲ್ಲೇ ಹಿಂತಿರುಗಿ ಹೋಗಬೇಕೆನ್ನಿಸಿತು.

ಅವರ ಕೆಲಸ ಹೇಳಲು ಸುಲಭ. ಒಂದು ಸಿನಿಮಾ ಎಪ್ಪತ್ತರ ದಶಕದ ಕತೆ. ಶೂಟಿಂಗ್ ಆದದ್ದು ಈಗ. ನಾಯಕಿ ಬಜಾರಿನಲ್ಲಿ ಓಡುತ್ತಾಳೆ, ಹಿಂದೆ ಮೊಬೈಲ್ ಅಂಗಡಿಯ ಬೋರ್ಡು. ಅದರ ಮೇಲೆ ಹಳೆಯ ಕಾಲದ ಬಟ್ಟೆ ಅಂಗಡಿಯ ಬೋರ್ಡು ಕೂರಿಸಬೇಕು. ಕ್ಯಾಮೆರಾ ಕುಲುಕಿದರೆ ಹೊಸ ಬೋರ್ಡೂ ಅಷ್ಟೇ ಕುಲುಕಬೇಕು. ಅದಕ್ಕಾಗಿ ನಿಜವಾದ ಬೋರ್ಡಿನ ಮೂಲೆಗಳಿಗೆ ಒಂದೊಂದು ಚುಕ್ಕಿ ಇಟ್ಟು ಸಾಫ್ಟ್‌ವೇರಿಗೆ ಒಪ್ಪಿಸುತ್ತಾರೆ. ಅದು ಆ ಮೂಲೆಗಳನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುತ್ತದೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಇದಕ್ಕೆ ಟ್ರ್ಯಾಕಿಂಗ್ ಎಂದು ಹೆಸರು. ನಡುವೆ ಯಾರಾದರೂ ಅಡ್ಡ ಬಂದರೋ, ಕೆಟ್ಟಿತು. ಚುಕ್ಕಿ ಮೂಲೆಯನ್ನು ಬಿಟ್ಟು ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ಅವನ ಜೊತೆಗೇ ಹೊರಟುಬಿಡುತ್ತದೆ. ಬಟ್ಟೆ ಅಂಗಡಿಯ ಬೋರ್ಡು ಗುಂಡಿಯ ಹಿಂದೆ ಬಜಾರು ಸುತ್ತುತ್ತದೆ. ಆಗ ಮನುಷ್ಯ ಕೂತು ಒಂದೊಂದೇ ಫ್ರೇಮಿನಲ್ಲಿ ಚುಕ್ಕಿಯನ್ನು ಕೈಯಿಂದ ಎಳೆದು ತಂದು ಮೂಲೆಗೆ ಕೂರಿಸಬೇಕು.

ಈ ಕಷ್ಟಕ್ಕೆ ಪೂಜಿತಾ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ, ಬರೆದಿದ್ದಳು. ಬರೆಯಲು ಯಾರೂ ಹೇಳಿರಲಿಲ್ಲ. ಝೆರಾಕ್ಸ್ ಮಾಡಿಸಿದ ಪೈಥಾನ್ ಪುಸ್ತಕವೊಂದನ್ನು ಗಾಡಿಯಲ್ಲಿ ನಿಂತೇ ಓದಿ, ಐದು ತಿಂಗಳು ತಪ್ಪು ಮಾಡಿ ತಿದ್ದಿ, ಒಂದು ಬಟನ್ ಮಾಡಿ ಎಲ್ಲರ ಪರದೆಯ ಮೂಲೆಯಲ್ಲಿ ಕೂರಿಸಿದಳು. ಒಂದು ಚುಕ್ಕಿ ದಾರಿ ತಪ್ಪಿದೆಯೋ ಎಂದು ಆ ಬಟನ್ ಉಳಿದ ಚುಕ್ಕಿಗಳನ್ನು ನೋಡಿ ತಿಳಿಯುತ್ತಿತ್ತು. ತಪ್ಪಿದ್ದರೆ ಅದನ್ನು ಕಿತ್ತೆಸೆದು, ಅದು ಎಲ್ಲಿರಬೇಕಿತ್ತೆಂದು ತಾನೇ ಊಹಿಸಿ ತುಂಬುತ್ತಿತ್ತು. ಊಹೆಗೆ ಸಿಗದ ಕಡೆ ಮನುಷ್ಯನಿಗೆ ಬಿಡುತ್ತಿತ್ತು. ಎಲ್ಲರೂ ಅದನ್ನು ಪ್ರೀತಿಯಿಂದ ‘ಪೂಜಿ ಬಟನ್’ ಎಂದರು.

ಅದಕ್ಕೆ ಅವಳು ಇನ್ನೊಂದು ಬಾಲ ಸೇರಿಸಿದ್ದಳು. ಯಾರು, ಯಾವ ಶಾಟಿನಲ್ಲಿ, ಯಾವ ಫ್ರೇಮನ್ನು ಕೈಯಿಂದ ಸರಿಪಡಿಸಿದರು ಎಂಬುದನ್ನು ಬಟನ್ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಜೊತೆಗೆ ‘ಕಾರಣ’ ಎಂಬ ಪುಟ್ಟ ಚೌಕ. ಮುಂದೆ ಅಂಥದೇ ಶಾಟ್ ಸಿಕ್ಕವರು ಹಿಂದಿನವರು ಎಲ್ಲಿ ಎಡವಿದರು, ಹೇಗೆ ದಾಟಿದರು ಎಂದು ಓದಿಕೊಳ್ಳಲಿ ಎಂಬುದು ಅವಳ ಆಸೆ. ಹೆಚ್ಚಿನವರು ಆ ಚೌಕವನ್ನು ಖಾಲಿ ಬಿಟ್ಟರು. ತಪ್ಪದೆ ತುಂಬಿದವರು ಚಂದ್ರಾಮ ಕಾಕಾ ಒಬ್ಬರೇ.

ಕಾಕಾಗೆ ಐವತ್ತೆರಡು. ಇಂಡಿ ತಾಲೂಕಿನವರು. ಮುಂಬಯಿ ಪಕ್ಕದ ಕಲ್ಯಾಣದ ಫೋಟೋ ಸ್ಟುಡಿಯೋ ಒಂದರಲ್ಲಿ ಇಪ್ಪತ್ತು ವರ್ಷ ನೆಗೆಟಿವ್ ತಿದ್ದಿದ್ದರು. ಮದುಮಗಳ ಕೆನ್ನೆಯ ಮೊಡವೆಯನ್ನು ಕೂದಲಿನಂಥ ಪೆನ್ಸಿಲ್ ತುದಿಯಿಂದ ಇಲ್ಲವಾಗಿಸುವ ಕೆಲಸ. ಫಿಲ್ಮು ಮುಳುಗಿ ಡಿಜಿಟಲ್ ಬಂದಾಗ ನಲವತ್ತೊಂದನೇ ವಯಸ್ಸಿಗೆ ಮೊದಲ ಸಲ ಮೌಸ್ ಹಿಡಿದರು. ಪೂಜಿತಾ ಹೊಸದಾಗಿ ಸೇರಿದಾಗ ಬಸ್ಸಿನ ಶಾಟೊಂದರಲ್ಲಿ ಸ್ಟೀಲ್ ಕಂಬದ ಮೇಲೆ ಥಳಥಳಿಸುವ ಬಿಂದುವಿಗೆ ಚುಕ್ಕಿ ಇಟ್ಟಿದ್ದಳು. ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಅದೇ. ಹಿಂದಿನಿಂದ ಒಂದು ಧ್ವನಿ ಬಂತು.

“ಹೊಳಿಯೂದನ್ನ ಹಿಡೀಬ್ಯಾಡ ತಂಗಿ. ಆ ಹೊಳಪು ಕಂಬದ್ದಲ್ಲ, ಬಿಸಿಲಿಂದು. ಕ್ಯಾಮೆರಾ ಸರದ್ರ ಅದೂ ಸರೀತೈತಿ. ಅಕಾ, ಅಲ್ಲಿ ತುಕ್ಕಿನ ಕಲಿ ಐತಿ ನೋಡು, ಅದನ್ನ ಹಿಡಿ. ಅದು ಎಲ್ಲಿಗೂ ಓಡಿ ಹೋಗೂದಿಲ್ಲ.”

ಅವಳ ಸ್ಕ್ರಿಪ್ಟಿನ ಅರ್ಧ ಬುದ್ಧಿ ಈ ಮನುಷ್ಯನಿಂದ ಕದ್ದದ್ದು. ಅದನ್ನು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಸ್ಟುಡಿಯೋಗೆ ಬರುವ ಅತಿ ಕೆಟ್ಟ ಶಾಟುಗಳು, ಧೂಳು, ಜನಜಂಗುಳಿ, ಕ್ಯಾಮೆರಾ ಹೆಗಲ ಮೇಲಿಟ್ಟು ಓಡಿದ್ದು, ಎಲ್ಲ ಸೀದಾ ಕಾಕಾನ ಮೇಜಿಗೇ ಹೋಗುತ್ತಿದ್ದವು, ಇನ್ನಾರಿಗೂ ಅವು ಬಗ್ಗುತ್ತಿರಲಿಲ್ಲ. ಅದಕ್ಕೇ ಕೈಯಿಂದ ತಿದ್ದಿದ ಫ್ರೇಮು ನಾನೂರ ಹನ್ನೆರಡು, ಪಟ್ಟಿಯಲ್ಲಿ ಹೆಚ್ಚು ತಿದ್ದಿದವರೇ ತಳಕ್ಕೆ. ನಿಂತ ಕ್ಯಾಮೆರಾದ ಶಾಟು ಸಿಕ್ಕವರಿಗೆ ಏಳು, ಒಂಬತ್ತು. ಇದು ಗೊತ್ತಿಲ್ಲದವರು ಈ ಮಹಡಿಯಲ್ಲಿ ಒಬ್ಬರೂ ಇರಲಿಲ್ಲ. ಪಟ್ಟಿ ಮಾಡಿದವನಿಗೂ ಗೊತ್ತಿತ್ತು. ಪೂಜಿತಾಳ ಮೈಗೆ ಬೆಂಕಿ ಬಿದ್ದದ್ದು ಇದೇ ಕಾರಣಕ್ಕೆ.

ಅವಳು ಲೋಟವನ್ನು ಅಲ್ಲೇ ಬಿಟ್ಟು ಗಾಜಿನ ಕ್ಯಾಬಿನ್ನಿಗೆ ನುಗ್ಗಿದಳು.

ಪ್ರೊಡಕ್ಷನ್ ಮ್ಯಾನೇಜರ್ ರಮಾಕಾಂತ ಉಡುಪಿ ಕಡೆಯವರು. ಅವರ ಅಣ್ಣನ ಸಸ್ಯಾಹಾರಿ ಹೋಟೆಲು ಥಾಣೆಯ ನೌಪಾಡಾದಲ್ಲಿತ್ತು. ಪೂಜಿತಾಳ ಅಪ್ಪ ಅಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದರು. ಒಳ್ಳೆಯ ಸುದ್ದಿಯನ್ನು ರಮಾಕಾಂತ ಎಲ್ಲರಿಗೂ ಹಿಂದಿಯಲ್ಲಿ ಹೇಳುವರು, ಕೆಟ್ಟದ್ದನ್ನು ಊರಿನವರಿಗೆ ಕನ್ನಡದಲ್ಲಿ.

“ಬಾ ಮಾರಾಯ್ತಿ, ಕೂತ್ಕೋ,” ಎಂದರು ಕನ್ನಡದಲ್ಲಿ.

“ಅದು ನನ್ನ ರಿಪೋರ್ಟ್ ಅಲ್ಲ ಸರ್. ನನ್ನ ಹೆಸರು ಯಾಕೆ ಹಾಕಿದ್ದು?”

“ನೋಡು, ಕೆಲಸ ಯಾರು ಮಾಡಿದ್ರೋ ಅವರಿಗೆ ಕ್ರೆಡಿಟ್ ಕೊಡೋದು ನನ್ನ ಪದ್ಧತಿ. ಸ್ಕ್ರಿಪ್ಟ್ ನಿಂದು, ನಂಬರ್ ನಿಂದು. ನಾನು ಎಕ್ಸೆಲ್‌ಗೆ ಹಾಕಿ ಬಣ್ಣ ಕೊಟ್ಟದ್ದು ಅಷ್ಟೇ.”

“ಕಾರಣದ ಕಾಲಂ ಎಲ್ಲಿ?”

“ಯಾವ ಕಾರಣ?”

“ಪ್ರತಿ ಫ್ರೇಮಿನ ಎದುರು ಕಾರಣ ಬರೆದಿತ್ತು. ಅದನ್ನು ಡಿಲೀಟ್ ಮಾಡಿ ಅಂಕಿ ಮಾತ್ರ ಇಟ್ಕೊಂಡಿದ್ದೀರಿ.”

“ಓ, ಅದಾ. ಒಂದು ಪೇಜಿನಲ್ಲಿ ಹಿಡೀಲಿಲ್ಲ ಅದು.” ನಿಜವಾದ ಬೇಸರದಿಂದಲೇ ಹೇಳಿದರು. “ಮತ್ತೆ ಅದರಲ್ಲಿ ಎಂತ ಇತ್ತು? ‘ಸೆರಗು ಹಾರಿತು’, ‘ಎಮ್ಮೆ ಬಂತು’. ಹೆಡ್ ಆಫೀಸಿಗೆ ಎಮ್ಮೆ ಕಳಿಸ್ಲಿಕ್ಕೆ ಆಗ್ತದಾ?”

“ಎಮ್ಮೆ ಬಂದದ್ದಕ್ಕೇ ಅವರು ಕೈ ಹಾಕಿದ್ದು ಸರ್. ಕಾಕಾಗೆ ಕಷ್ಟದ ಶಾಟ್ ಕೊಟ್ಟದ್ದು ನೀವೇ. ನಿಮ್ಮದೇ ಕೈಬರಹದಲ್ಲಿದೆ, ‘ಬಿರಾದಾರ್‌ಗೇ ಕೊಡಿ’ ಅಂತ.”

“ಅದಕ್ಕೆ ಅವರ ಮೇಲೆ ಗೌರವ ಇಲ್ಲ ಅಂತ ಯಾರು ಹೇಳಿದ್ದು? ಆದ್ರೆ ಐದು ಜನ ಕಡಿಮೆ ಮಾಡ್ಬೇಕು. ಯಾರನ್ನ ಅಂತ ನಾನು ಹೇಳಿದ್ರೆ ಅದು ನನ್ನ ಮರ್ಜಿ ಆಗ್ತದೆ. ಮೆಷೀನ್ ಹೇಳಿದ್ರೆ ಯಾರ ಮರ್ಜಿಯೂ ಅಲ್ಲ. ಮೂವತ್ತಕ್ಕೆ ಅಂಧೇರಿಯಿಂದ ಊರ್ಮಿಳಾ ಮ್ಯಾಡಂ ಬರ್ತಾರೆ. ನೀನೇ ಪ್ರೆಸೆಂಟ್ ಮಾಡು. ಲೀಡ್ ಪೋಸ್ಟಿಗೆ ನಿನ್ನ ಹೆಸರು ಕಳಿಸಿದ್ದೇನೆ. ಅಪ್ಪನಿಗೆ ಹೇಳಿದ್ದೆ ಮೊನ್ನೆ, ಖುಷಿಪಟ್ರು ಪಾಪ.”

ಆ ‘ಪಾಪ’ ಎಂಬ ಮಾತು ಅವಳ ಕಿವಿಯಲ್ಲಿ ಸಂಜೆಯ ತನಕ ಕೂತಿತ್ತು.

ಮನೆಯಲ್ಲಿ ಅಪ್ಪ ಆಗಲೇ ಸುದ್ದಿ ಹೇಳಿ ಮುಗಿಸಿದ್ದರು. ಅಮ್ಮ ಸುಂದರಿ ಬಾಗಿಲಲ್ಲೇ ಹಿಡಿದು ತುಳುವಿನಲ್ಲಿ ಕೇಳಿದರು, ಗೋಡೆಯ ಮೇಲೆ ನಿನ್ನ ಹೆಸರು ಹಾಕಿದ್ದಾರಂತಲ್ಲ, ಫೋಟೋವನ್ನೂ ಹಾಕಿದ್ದಾರಾ ಎಂದು. ಪೂಜಿತಾ ಬ್ಯಾಗು ಇಳಿಸದೆ ನಿಂತಲ್ಲೇ ಎಲ್ಲವನ್ನೂ ಒದರಿದಳು. ಅಮ್ಮ ಬಸಳೆಯ ದಂಟು ಮುರಿಯುತ್ತ ಕೇಳಿದರು.

“ಹೋಟೆಲಿನಲ್ಲಿ ಒಡೆದ ಗ್ಲಾಸು ಬರೆಯುವ ಪುಸ್ತಕ ಒಂದು ಉಂಟು,” ಎಂದರು ಕೊನೆಗೆ. “ಅದರಲ್ಲಿ ಯಾವಾಗಲೂ ಗ್ಲಾಸು ತೊಳೆಯುವವನದ್ದೇ ಹೆಸರು. ಮತ್ತೆ ಯಾರದ್ದಿರಬೇಕು? ಸೇಠಜಿ ಬಂದು ತೊಳೀತಾರಾ?”

“ಅದನ್ನೇ ನಾನು ಅವರಿಗೆ ಹೇಳಿದ್ದು.”

“ನೀನು ಹೇಳಿದ್ದು ಸರಿ ಮಾರಾಯ್ತಿ. ನಾನು ಕೇಳುವುದು ಬೇರೆ. ಆ ಪುಸ್ತಕ ಶುರುಮಾಡಿದ್ದು ಯಾರು? ಯಾರು ಎಷ್ಟು ಸಲ ಕೈ ಹಾಕಿದರು ಅಂತ ಬರೆದಿಡ್ಲಿಕ್ಕೆ ನಿನಗೆ ಎಂತ ಹುಚ್ಚು?”

ಪೂಜಿತಾಳ ಬಳಿ ಉತ್ತರವಿತ್ತು, ನಾಲ್ಕಾರು ವಾಕ್ಯಗಳ ಒಳ್ಳೆಯ ಉತ್ತರ. ಅದನ್ನು ಹೇಳಲು ಹೊರಟರೆ ಒಂದೊಂದು ವಾಕ್ಯವೂ ರಮಾಕಾಂತರ ದನಿಯಲ್ಲಿ ಕೇಳಿಸಿತು. ಅವಳು ಬ್ಯಾಗು ಇಳಿಸಿದಳು.

ಮರುದಿನದಿಂದ ಮಹಡಿಯ ಮೇಲೆ ವಿಚಿತ್ರವೊಂದು ಶುರುವಾಯಿತು. ಯಾರೂ ಕೈ ಹಾಕದಾದರು. ಬಟನ್ ಒತ್ತುವುದು, ಅದು ಕೊಟ್ಟದ್ದನ್ನು ಪ್ರಸಾದದಂತೆ ತೆಗೆದುಕೊಂಡು ಮುಂದಕ್ಕೆ ತಳ್ಳುವುದು. ಬಟನ್ ಊಹಿಸಲಾಗದೆ ಬಿಟ್ಟ ಫ್ರೇಮುಗಳನ್ನೂ ಹಾಗೇ ಬಿಟ್ಟರು. ಬೋರ್ಡುಗಳು ಗೋಡೆಯ ಮೇಲೆ ತೇಲತೊಡಗಿದವು, ಐಸಿನ ಮೇಲಿಟ್ಟ ಹಾಗೆ. ಅಕ್ಷಿತ್‌ನ ಶಾಟೊಂದರಲ್ಲಿ ಬಟ್ಟೆ ಅಂಗಡಿ ಅರ್ಧ ಇಂಚು ಪಕ್ಕದ ಕಿಟಕಿಯೊಳಕ್ಕೆ ಹೋಗಿ ವಾಪಸು ಬಂತು.

“ಇದು ಜಾರ್ತಾ ಉಂಟಲ್ಲ ಅಕ್ಷಿತ್, ಕಾಣೋದಿಲ್ವಾ ನಿಂಗೆ?”

“ಕಾಣ್ತದೆ.”

“ಮತ್ತೆ ಸರಿಮಾಡು.”

“ಆರು ಫ್ರೇಮ್ ಸರಿಮಾಡಿದ್ರೆ ನಾನು ಹದಿನೈದಕ್ಕೆ ಬೀಳ್ತೇನೆ. ಹದಿನೈದು ಕೆಂಪು. ನಿನ್ನ ಬಟನ್ ಲೆಕ್ಕ ಇಡ್ತಾ ಇದೆ ಯಾರ್.” ಅವನು ಪರದೆಯ ಮೂಲೆಯ ಬಟನ್ನಿಗೆ ಕೈಮುಗಿದ. “ಪೂಜಿ ಮಾತಾ ಸಬ್ ದೇಖ್ ರಹೀ ಹೈ.”

ಸುತ್ತಲಿನವರು ನಕ್ಕರು. ಹಿಂದೆ ಇದೇ ಜನ ಇದೇ ಹೆಸರನ್ನು ಬೇರೆ ರೀತಿ ಹೇಳುತ್ತಿದ್ದರು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಆಮೇಲೆ ಅವನ ಮೇಲೆ ಸಿಟ್ಟು ಮಾಡಿದ್ದಕ್ಕೆ ತನ್ನ ಮೇಲೇ ಬಂತು. ಆರು ಫ್ರೇಮಿಗೆ ಹೆದರುವಂತೆ ಒಂದು ಮಹಡಿಯನ್ನು ಮಾಡಿಟ್ಟವರು ಗಾಜಿನ ಒಳಗೆ ಚಹಾ ಕುಡಿಯುತ್ತಿದ್ದರು. ಅಂಥವರಿಗೆ ತಾನು ಕೋಲು ಕೆತ್ತಿ ಕೊಟ್ಟಿದ್ದಳು.

ಕಾಕಾ ಒಬ್ಬರೇ ಮೊದಲಿನಂತೆ ಕೂತಿದ್ದರು. ಕನ್ನಡಕ ಹಣೆಗೆ ಏರಿಸಿ, ಪರದೆಗೆ ಮೂಗು ತಾಗಿಸಿ, ಚುಕ್ಕಿ ಎಳೆದು, ಕೂರಿಸಿ, ಕಾರಣದ ಚೌಕದಲ್ಲಿ ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪು ಮಾಡುತ್ತ.

ಬುಧವಾರ ಊಟದ ಹೊತ್ತಿಗೆ ಪೂಜಿತಾ ಅವರನ್ನು ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಹಿಡಿದಳು. ಅವರ ಹೆಂಡತಿ ಶರಣಬಸಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟು ತೊಡೆಯ ಮೇಲಿತ್ತು. ಕೆಳಗೆ ಕಾರ್ಖಾನೆಯ ಟೆಂಪೋಗಳು ಹಿಂದೆ ಮುಂದೆ ಆಗುತ್ತಿದ್ದವು.

“ಕಾಕಾ, ಒಂದು ಉಪಾಯ ಉಂಟು. ಆ ಕಡತ ಬರೆಯುವ ಸ್ಕ್ರಿಪ್ಟ್ ನನ್ನದೇ. ಒಂದೇ ಸಾಲು ತಿದ್ದಿದ್ರೆ ನಿಮ್ಮ ನಾನೂರ ಹನ್ನೆರಡು ಹನ್ನೆರಡು ಆಗ್ತದೆ. ಯಾರಿಗೂ ಗೊತ್ತಾಗೂದಿಲ್ಲ. ರಮಾಕಾಂತರಿಗೆ ಕಡತ ಓದ್ಲಿಕ್ಕೆ ಬರೂದಿಲ್ಲ, ಅಂಕಿ ಮಾತ್ರ ನೋಡ್ತಾರೆ. ನೀವು ಹಸಿರಿಗೆ ಬರ್ತೀರಿ.”

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನಾನೂರು ಎಲ್ಲಿ ಹೋಗ್ತಾವ?”

“ಎಲ್ಲಿಗೂ ಇಲ್ಲ. ಅಳಿಸಿ ಹೋಗ್ತವೆ.”

“ಅಳಸ್ತಿ?”

“ನಿಮ್ಮ ಕೆಲಸ ಉಳೀತದಲ್ಲ ಕಾಕಾ.”

“ಯಾವ ಕೆಲಸ?” ಅವರ ದನಿ ಏರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. “ನಾನೂರು ಫ್ರೇಮು ಕುಂತು ಮಾಡಿದ್ದ ನನ್ನ ಕೆಲಸ ಅಲ್ಲೇನು? ಅದನ್ನ ಅಳಿಸಿ ನೀ ಯಾ ಕೆಲಸ ಉಳಸ್ತಿ? ಇಪ್ಪತ್ತು ವರ್ಷ ಮೊಡವಿ ತಗದೀನಿ ನಾ. ತಗದದ್ದು ಯಾರಿಗೂ ಕಾಣಬಾರದು, ಕಂಡ್ರ ಕೆಟ್ಟ ಕೆಲಸ. ಯಾ ಮದಿ ಫೋಟೋದ ಹಿಂದೂ ಚಂದ್ರಾಮ ಅಂತ ಬರದಿಲ್ಲ, ಬರೀರಿ ಅಂತ ನಾ ಕೇಳೂ ಇಲ್ಲ. ಜೀವನದಾಗ ಮೊದಲನೇ ಸಲ ಒಂದು ಕಡಿ ಬರದೈತಿ, ಇವ ಇಂಥಾ ಫ್ರೇಮಿನ್ಯಾಗ ಇಂಥಾದ್ದಕ್ಕ ಕೈ ಹಚ್ಯಾನ ಅಂತ. ನಿನ್ನ ಕಡತದಾಗ. ದಿನಾ ಒಂದ ಬಳ್ಳಲೆ ಟೈಪ್ ಮಾಡೀನಿ ತಂಗಿ, ಸುಮ್ಮ ಅಲ್ಲ.”

“ಕಾಕಾ, ಅವರು ನಿಮ್ಮನ್ನು ತೆಗೀತಾರೆ.”

“ತಗೀಲಿ. ಮಂದೀಗೆ, ಕೈಲಿ ಮಾಡಿದ್ದಕ್ಕ ತಗದ್ರು ಅಂತ ಹೇಳ್ತೀನಿ ನಾ. ಕೈ ಹಚ್ಚಲಾರದ್ದಕ್ಕ ಇಟ್ಕೊಂಡ್ರು ಅಂತ ಹೇಳಲ್ಯಾ?” ಅವರು ರೊಟ್ಟಿಯ ಒಂದು ಚೂರನ್ನು ಅವಳ ಕೈಗೆ ತುರುಕಿದರು, ಬೈದದ್ದಕ್ಕೆ ಪರಿಹಾರವೆಂಬಂತೆ. “ಒಂದೂ ಕಡಿಮಿ ಮಾಡಬ್ಯಾಡ. ನಾನೂರಾ ಹನ್ನೆರಡು ಅಂದ್ರ ನಾನೂರಾ ಹನ್ನೆರಡು.”

ಅವಳು ರೊಟ್ಟಿ ತಿಂದಳು. ಅವರನ್ನು ಉಳಿಸುವ ಭರದಲ್ಲಿ ತಾನೂ ರಮಾಕಾಂತರ ಕೆಲಸವನ್ನೇ ಮಾಡಹೊರಟಿದ್ದಳು. ಅವರು ಕಾರಣ ಅಳಿಸಿದ್ದರು, ತಾನು ಫ್ರೇಮುಗಳನ್ನೇ ಅಳಿಸುತ್ತಿದ್ದಳು.

ಮೂವತ್ತನೇ ತಾರೀಖು ಬೆಳಿಗ್ಗೆ ಅವಳು ಎಂಟು ಗಂಟೆಗೇ ಸ್ಟುಡಿಯೋಗೆ ಬಂದಳು. ಸ್ಕ್ರಿಪ್ಟ್ ತೆರೆದು ಲೆಕ್ಕ ಇಡುವ ಮೂವತ್ತೊಂದು ಸಾಲುಗಳನ್ನು ಹುಡುಕಿ ತೆಗೆದಳು. ಬಟನ್ ಇನ್ನು ಮುಂದೆ ದಾರಿ ತಪ್ಪಿದ ಚುಕ್ಕಿಯನ್ನು ಹಿಡಿಯುತ್ತದೆ, ಅದನ್ನು ತಿದ್ದಿದ ಮನುಷ್ಯನನ್ನಲ್ಲ. ಹಳೆಯ ಕಡತವನ್ನು ಮುಟ್ಟಲಿಲ್ಲ. ಅದರಲ್ಲಿ ಕಾಕಾನ ನಾನೂರ ಹನ್ನೆರಡು ಸಾಲು ಇದ್ದ ಹಾಗೇ ಇದ್ದವು, ಕಾರಣ ಸಮೇತ.

ಹನ್ನೊಂದಕ್ಕೆ ಎಲ್ಲರೂ ಶಾಟ್ ನೋಡುವ ಕತ್ತಲೆಕೋಣೆಯಲ್ಲಿ ಸೇರಿದರು. ಮುಂದಿನ ಸೋಫಾದಲ್ಲಿ ಊರ್ಮಿಳಾ, ಅಂಧೇರಿಯ ಹೆಡ್ ಆಫೀಸಿನ ನಿರ್ಮಾಪಕಿ. ದಣಿದ ಮುಖ, ಮಡಿಲಲ್ಲಿ ಎರಡು ಫೋನು. ಪಕ್ಕದಲ್ಲಿ ರಮಾಕಾಂತ. ಹಿಂದೆ ಗೋಡೆಗೆ ಒರಗಿ ಉಳಿದವರು, ಕೊನೆಯಲ್ಲಿ ಬಾಗಿಲ ಬಳಿ ಕಾಕಾ.

“ಯೇ ಹಮಾರಿ ಸ್ಟಾರ್ ಹೈ, ಪೂಜಿತಾ,” ಎಂದರು ರಮಾಕಾಂತ ಹಿಂದಿಯಲ್ಲಿ.

ಪೂಜಿತಾ ಲ್ಯಾಪ್‌ಟಾಪ್ ಜೋಡಿಸಿದಳು. ಪರದೆಯ ಮೇಲೆ ಹಸಿರು ಕೆಂಪಿನ ಪಟ್ಟಿ ಬರಲಿಲ್ಲ. ಬಿಳಿಯ ಮೇಲೆ ಕಪ್ಪು ಸಾಲುಗಳ ಉದ್ದನೆಯ ಕಡತ ಬಂತು. ಅವಳು ಕನ್ನಡದಲ್ಲಿ ಓದಿ, ಪ್ರತಿ ಸಾಲನ್ನೂ ಹಿಂದಿಯಲ್ಲಿ ಮತ್ತೊಮ್ಮೆ ಹೇಳತೊಡಗಿದಳು.

“ಚಂದ್ರಾಮ ಬಿರಾದಾರ. ಶಾಟ್ ನಲವತ್ತೆರಡು. ಫ್ರೇಮು ಹದಿನೇಳು: ಕೆಂಪು ಅಂಗಿಯವನ ತಲಿ ಅಡ್ಡ ಬಂತು. ಹದಿನೆಂಟು: ತಲಿ. ಹತ್ತೊಂಬತ್ತು: ತಲಿ ಹೋತು, ಕಿವಿ ಉಳೀತು.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ಇಪ್ಪತ್ತು: ಕಿವೀನೂ ಹೋತು, ಆದ್ರ ಧೂಳ. ಇಪ್ಪತ್ತೊಂದು: ಧೂಳ. ಇಪ್ಪತ್ತೆರಡು: ಧೂಳಿನ್ಯಾಗ ಮೂಲಿ ಕಾಣವಲ್ದು, ಬಾಜೂದ ಮೊಳಿ ನೋಡಿ ಇಟ್ಟೀನಿ.”

“ಪೂಜಿತಾ,” ಎಂದರು ರಮಾಕಾಂತ, “ಸಮ್ಮರಿ ತೋರಿಸಿ.”

“ಇದೇ ಸರ್. ನಾನೂರ ಹನ್ನೆರಡು ಉಂಟು. ಅಂಕಿ ನೀವು ಹಾಕಿದ್ದೀರಿ, ನಾನು ಅದನ್ನು ಓದ್ತಾ ಇದ್ದೇನೆ.”

“ಸ್ಕ್ರೋಲ್ ಮಾಡಿ ಕೆಳಗೆ.”

“ಇಪ್ಪತ್ತಮೂರು: ಧೂಳ ಕಡಿಮಿ ಆತು. ಇಪ್ಪತ್ತನಾಲ್ಕು: ಒಬ್ಬಾಕಿ ಸೆರಗು.”

ಊರ್ಮಿಳಾ ಫೋನಿನಿಂದ ತಲೆ ಎತ್ತಿದರು. “ಏಕ್ ಮಿನಿಟ್. ಶಾಟ್ ದಿಖಾವ್.”

ಶಾಟ್ ನಲವತ್ತೆರಡು ಓಡಿತು. ಬಜಾರು, ಧೂಳು, ತಲೆಗಳು, ಓಡುವ ಹುಡುಗಿ, ಅವಳ ಹಿಂದೆ ಓಡುವ ಕ್ಯಾಮೆರಾ. ಬಟ್ಟೆ ಅಂಗಡಿಯ ಬೋರ್ಡು ಗೋಡೆಗೆ ಮೊಳೆ ಹೊಡೆದಂತೆ ಕೂತಿತ್ತು.

“ಬೋರ್ಡ್ ತೋ ಅಸಲೀ ಹೈ ನಾ?” ಎಂದು ಕೇಳಿದರು ಊರ್ಮಿಳಾ. “ಇಸಮೇ ಹಮಾರಾ ಕಾಮ್ ಕೌನ್ಸಾ ಹೈ?”

ಬೋರ್ಡು ನಿಜವಾದದ್ದೇ ತಾನೇ, ಇದರಲ್ಲಿ ನಮ್ಮ ಕೆಲಸ ಯಾವುದು? ಪೂಜಿತಾ ಬಾಗಿಲ ಕಡೆ ನೋಡಿದಳು. ಕತ್ತಲಲ್ಲಿ ಕಾಕಾನ ಮುಖ ಕಾಣಲಿಲ್ಲ, ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಿರುವ ಕೈಗಳಷ್ಟೇ ಕಂಡವು. ಬೋರ್ಡು ಅಸಲಿಯಲ್ಲ, ಇವರ ಕೈಯದು ಎಂದು ಅವಳು ಹೇಳಿದಳು. ಹೇಳಿ, ಅದೇ ಉಸಿರಿನಲ್ಲಿ, ಒಂದು ಫ್ರೇಮಿಗೂ ಕೈ ಹಾಕದ ಇನ್ನೊಂದು ಶಾಟನ್ನು ಓಡಿಸಿದಳು. ಅದು ಅಕ್ಷಿತ್‌ನದು ಎಂದು ಹೇಳಲಿಲ್ಲ. ಬೋರ್ಡು ತೇಲಿತು, ಕಿಟಕಿಯೊಳಕ್ಕೆ ಹೋಯಿತು, ಬಂತು.

ಊರ್ಮಿಳಾ ಎರಡನ್ನೂ ನೋಡಿದರು. ಅವರು ದಡ್ಡರಲ್ಲ. ನೋಡಿದ್ದು ಅರ್ಥವಾಗಿದೆಯೆಂದು ಅವರ ಹುಬ್ಬು ಹೇಳಿತು.

“ಚಾಲೇಲ್,” ಎಂದರು ಊರ್ಮಿಳಾ ಮರಾಠಿಯಲ್ಲಿ. ನಡೆಯುತ್ತದೆ. “ದೋನ್ಹೀ ಚಾಲೇಲ್. ಪಹಿಲಾ ಚಾಂಗ್ಲಾ ಆಹೇ, ಪಣ್ ದುಸ್ರಾಹೀ ಚಾಲೇಲ್.” ಎರಡೂ ನಡೆಯುತ್ತವೆ. ಮೊದಲನೆಯದು ಚೆನ್ನಾಗಿದೆ, ಆದರೆ ಎರಡನೆಯದೂ ನಡೆಯುತ್ತದೆ. “ನಾಲ್ಕು ಸೆಕೆಂಡಿನ ಶಾಟ್, ಹಿಂದಿನ ಬೋರ್ಡನ್ನು ಯಾರು ನೋಡ್ತಾರೆ ಬೇಟಾ?” ಎಂದು ಹಿಂದಿಯಲ್ಲಿ ಮುಂದುವರಿಸಿ, ಎದ್ದು, ರಮಾಕಾಂತರತ್ತ ತಿರುಗಿ, “ಲಿಸ್ಟ್ ಫೈನಲ್ ಹೈ ನಾ?” ಎಂದರು. ಹೌದು ಎಂದರು ರಮಾಕಾಂತ. ಊರ್ಮಿಳಾ ಬಾಗಿಲಲ್ಲಿ ಕಾಕಾನ ಎದುರು ಒಂದು ಗಳಿಗೆ ನಿಂತು, “ಬಹುತ್ ಸುಂದರ್ ಕಾಮ್,” ಎಂದು ಹೇಳಿ, ಹೊರಟರು. ಅದು ಮನಸ್ಸಿನಿಂದಲೇ ಬಂದ ಮಾತು. ಪೂಜಿತಾಳಿಗೆ ಸಹಿಸಲಾಗದೆ ಹೋದದ್ದು ಅದೇ. ಕಾಣದೆ ಹೀಗೆ ಮಾಡಿದ್ದರೆ ಕ್ಷಮಿಸಬಹುದಿತ್ತು.

ರಮಾಕಾಂತ ಅವರನ್ನು ಕಾರಿನ ತನಕ ಬಿಟ್ಟು ಬಂದು ಬಾಗಿಲಲ್ಲೇ ನಿಂತರು. ಮಾತು ಕನ್ನಡಕ್ಕೆ ಬಂದಿತ್ತು.

“ಎಂತ ನಾಟಕ ಇದು? ನಿನ್ನಪ್ಪನ ಮುಖ ನೋಡಿ ಸುಮ್ಮನಿದ್ದೇನೆ. ಸೆಪ್ಟೆಂಬರಿನ ರಿಪೋರ್ಟ್ ನನಗೆ ಒಂದೇ ಪೇಜಿನಲ್ಲಿ ಬೇಕು.”

“ಸೆಪ್ಟೆಂಬರಿನದ್ದು ಬರೂದಿಲ್ಲ ಸರ್. ಲೆಕ್ಕ ಇಡುವ ಸಾಲು ಬೆಳಿಗ್ಗೆ ತೆಗೆದಿದ್ದೇನೆ.”

“ಅದು ಕಂಪನಿಯ ಸ್ಕ್ರಿಪ್ಟ್!”

“ಬಟನ್ ಉಂಟಲ್ಲ. ಕೆಲಸವೂ ಮಾಡ್ತದೆ. ಮನುಷ್ಯರನ್ನು ಎಣಿಸುವ ಭಾಗ ಬೇಕಾದ್ರೆ ನೀವೇ ಬರೆದು ನಿಮ್ಮ ಹೆಸರು ಹಾಕಿ. ಗೋಡೆಯಿಂದ ನನ್ನ ಹೆಸರು ನಾನು ಬರುವಾಗ ಹರಿದು ಬಂದಿದ್ದೇನೆ. ಅಪ್ಪನಿಗೆ ನಾನೇ ಹೇಳ್ತೇನೆ, ನೀವು ತೊಂದರೆ ತಗೊಳ್ಳಬೇಡಿ.”

“ನಾಳೆಯಿಂದ ನೀನೂ ಬರುವುದು ಬೇಡ ಹಾಗಾದ್ರೆ.”

“ಆಯ್ತು. ಇವತ್ತು ಇದ್ದೇನಲ್ಲ?”

ಅವರು ಬಾಗಿಲನ್ನು ಎಳೆದುಕೊಂಡು ಹೋದರು. ಕೋಣೆಯಲ್ಲಿದ್ದವರು ಎದ್ದು ಹೋಗಬೇಕಿತ್ತು. ಯಾಕೋ ಯಾರೂ ಮೊದಲು ಏಳಲು ಸಿದ್ಧರಿರಲಿಲ್ಲ. ಪರದೆಯ ಮೇಲೆ ಕಡತ ಇನ್ನೂ ತೆರೆದಿತ್ತು. ಪೂಜಿತಾ ಓದು ನಿಲ್ಲಿಸಿದ್ದ ಸಾಲನ್ನು ಹುಡುಕಿದಳು.

“ಇಪ್ಪತ್ತೈದು: ಸೆರಗು. ಇಪ್ಪತ್ತಾರು: ಸೆರಗು ಹೋಗಿ ಅಕೀ ಕೈಬಳಿ.”

ಈಗ ಹಿಂದಿಯಲ್ಲಿ ಹೇಳುವ ಅಗತ್ಯ ಇರಲಿಲ್ಲ, ಆದರೂ ಮರಾಠಿ ಹುಡುಗರಿಗಾಗಿ ಹೇಳಿದಳು. ಅರವತ್ತನೇ ಫ್ರೇಮಿನ ಹೊತ್ತಿಗೆ ಕ್ಯಾಮೆರಾದವ ಎಡವಿದ. ಅರವತ್ತೊಂದರಲ್ಲಿ ಇನ್ನೂ ಎಡವುತ್ತಿದ್ದ. ಅರವತ್ತೆರಡರಲ್ಲಿ ಸುಧಾರಿಸಿಕೊಂಡ. ಜನ ನಕ್ಕರು, ಈ ಸಲ ಕಾಕಾನೂ.

“ನನ್ದು ಓದೋದಾದ್ರೆ ಎಂತ ಓದ್ತೀ?” ಎಂದ ಅಕ್ಷಿತ್ ಕತ್ತಲಿನಿಂದ. “ಈ ವಾರದ್ದು ಪೂರಾ ಝೀರೋ.” ಅದಕ್ಕೆ ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ.

“ಎಂಬತ್ತೇಳು: ಮೂಲಿ ಸ್ವಚ್ಛ ಐತಿ, ಆದ್ರ ಬಟನ್ ಒಂದು ಕೂದಲೆಳಿ ಬಲಕ್ಕ ಇಟ್ಟಿತ್ತು, ಸರಿಸೀನಿ. ಎಂಬತ್ತೆಂಟು: ಒಬ್ಬನ ಮೊಣಕೈ.”

“ಮೊಣಕೈ ಅಲ್ಲದು,” ಎಂದರು ಕಾಕಾ.

ಅವರು ಬಾಗಿಲ ಬಳಿಯಿಂದ ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಪರದೆಯ ಹತ್ತಿರ ಬಂದು, ಕನ್ನಡಕ ಹಣೆಗೆ ಏರಿಸಿದರು. “ತಗಿ ಆ ಫ್ರೇಮು. ನೋಡಿದೇನು? ಚೀಲ. ಖಾಕಿ ಚೀಲ. ಮೊಣಕೈ ತೊಂಬತ್ತರಾಗ ಬರತೈತಿ. ತಪ್ಪ ಬರದೀನಿ ನಾ, ಕಣ್ಣ ಸೋತಿತ್ತು ಅವತ್ತು. ತಿದ್ದು.”

ಪೂಜಿತಾ ತಿದ್ದಿದಳು. ಅವರು ಪಕ್ಕದಲ್ಲೇ ನಿಂತು ಅವಳು ಸರಿಯಾಗಿ ಟೈಪು ಮಾಡಿದಳೋ ಇಲ್ಲವೋ ಎಂದು ಅಕ್ಷರ ಅಕ್ಷರವಾಗಿ ನೋಡಿದರು.

“ಹೂಂ,” ಎಂದರು. “ಎಂಬತ್ತೊಂಬತ್ತು ಓದು.”